ಗ್ರೀಸಿನಲ್ಲಿರುವ ಹಳೆಯ ಲಗೂನ್ 380 ಕ್ಯಾಟಮರಾನ್: ವಾಸಕ್ಕೆಂದು ಕೊಳ್ಳಬಹುದೇ?

ದಕ್ಷಿಣದಂಡೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಪತ್ನಿಯೂ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ನೆಲೆಸಿದ್ದೇವೆ. ಇಬ್ಬರದೂ ಭಾರತದ ಪಾಸ್‌ಪೋರ್ಟ್. ಇಲ್ಲಿ ಕಾಯಂ ಆಗಿ ಇರಲು ಐಎಲ್‌ಆರ್ ಅನುಮತಿ ಇದೆ. ಮಗಳ ಓದು ಮುಗಿದ ಮೇಲೆ ಮನೆಯನ್ನು ಬಾಡಿಗೆಗೆ ಕೊಟ್ಟು ಕೆಲವು ವರ್ಷ ಹಾಯಿದೋಣಿಯಲ್ಲಿಯೇ ವಾಸಿಸಬೇಕೆಂಬುದು ನಮ್ಮ ಯೋಜನೆ. ಸೋಲೆಂಟ್ ಜಲಸಂಧಿಯಲ್ಲಿ ಸಾಮಾನ್ಯ ಹಾಯಿದೋಣಿಗಳನ್ನು ನಡೆಸಿ ಅಭ್ಯಾಸವಿದೆ, ಬ್ರಿಟನ್ನಿನ ದೋಣಿ ತರಬೇತಿ ಸಂಸ್ಥೆಯಾದ ಆರ್‌ವೈಎ ಕೊಡುವ ಡೇ ಸ್ಕಿಪ್ಪರ್ ಪ್ರಮಾಣಪತ್ರವೂ ನನ್ನಲ್ಲಿದೆ. ಆದರೆ ಎರಡು ಒಡಲುಗಳ ಕ್ಯಾಟಮರಾನ್ ನಮಗೆ ಹೊಸದು.

ಗ್ರೀಸಿನ ಲೆಫ್ಕಾಡಾ ದ್ವೀಪದಲ್ಲಿ 2008ರ ಲಗೂನ್ 380 ಒಂದು ಮಾರಾಟಕ್ಕಿದೆ. ನಾಲ್ಕು ಕ್ಯಾಬಿನ್‌ಗಳ ದೋಣಿ; ಮೊದಲಿನಿಂದಲೂ ಚಾರ್ಟರ್ ಬಾಡಿಗೆಯಲ್ಲಿ ದುಡಿದಿದೆ. ಚಿತ್ರಗಳಲ್ಲಿ ಒಳಭಾಗ ಅಚ್ಚುಕಟ್ಟಾಗಿ ಕಾಣುತ್ತದೆ, ಮೆತ್ತೆಗಳೂ ಪರದೆಗಳೂ ಹೊಸವು. ಮಾರುವವರು ತಾವೇ ಮಾಡಿಸಿದ ಸರ್ವೆ ವರದಿಯನ್ನು, ಅಂದರೆ ದೋಣಿಯ ಸ್ಥಿತಿಯ ಪರೀಕ್ಷಾ ವರದಿಯನ್ನು, ಕೊಡುವುದಾಗಿ ಬ್ರೋಕರ್ ತಿಳಿಸಿದ್ದಾರೆ. ಬಾಡಿಗೆಗೆ ಓಡಿದ ಇಂತಹ ದೋಣಿಯನ್ನು ನಂಬಬಹುದೇ, ಆ ವರದಿ ಸಾಕೇ, ಕೊಂಡ ಮೇಲೆ ಇನ್ನೆಷ್ಟು ಹಣ ಕೈಯಲ್ಲಿರಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಹಾಯಿಹಗ್ಗ:

ಚಾರ್ಟರಿನಲ್ಲಿ ಓಡಿದೆ ಎಂಬ ಒಂದೇ ಕಾರಣಕ್ಕೆ ಕೈಬಿಡಬೇಕಿಲ್ಲ. ನಾವು ಕೆಲವು ವರ್ಷ ಕೆರಿಬಿಯನ್ನಿನಲ್ಲಿ ವಾಸಿಸಿದ ಲೆಪರ್ಡ್ ಕ್ಯಾಟಮರಾನ್ ಕೂಡ ಅಂತಹುದೇ. ಕೇಪ್‌ಟೌನಿನಲ್ಲಿ ಕಟ್ಟುವ ಆ ದೋಣಿಗಳು ಬಹಳಷ್ಟು ಬಾಡಿಗೆ ಕಂಪನಿಗಳಿಗೇ ಹೋಗಿ, ಆಮೇಲೆ ನಮ್ಮಂತಹವರ ಕೈಗೆ ಬರುತ್ತವೆ. ದಿನವೂ ಓಡಿ, ಕಾಲಕಾಲಕ್ಕೆ ಎಣ್ಣೆ ಬದಲಾಯಿಸಿಕೊಂಡ ಡೀಸೆಲ್ ಎಂಜಿನ್, ವರ್ಷಗಟ್ಟಲೆ ಮರೀನಾದಲ್ಲಿ, ಅಂದರೆ ದೋಣಿ ನಿಲ್ದಾಣದಲ್ಲಿ, ಸುಮ್ಮನೆ ನಿಂತ ಎಂಜಿನ್ನಿಗಿಂತ ವಾಸಿ. ಆದರೆ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಐದಾರು ವರ್ಷಕ್ಕೆ ದೋಣಿಯನ್ನು ಮಾರಿಬಿಡುತ್ತವೆ, ನೀವು ನೋಡಿರುವುದು ಅದರ ಮೂರರಷ್ಟು ಕಾಲ ದುಡಿದಿದೆ. ಮೆತ್ತೆ, ಪರದೆಗಳನ್ನು ಮರೆತುಬಿಡಿ. ಯಾವ ಭಾಗವನ್ನು ಯಾವ ವರ್ಷ ಬದಲಾಯಿಸಿದರು ಎಂಬುದಕ್ಕೆ ರಸೀದಿ ಕೇಳಿ.

ಮೊದಲು ಹಾಯಿಕಂಬವನ್ನು ಹಿಡಿದಿರುವ ಉಕ್ಕಿನ ತಂತಿಗಳು. ಗಾಳಿ ಜೋರಾದಾಗ ಒಂದೊಡಲಿನ ದೋಣಿ ವಾಲಿ ಒತ್ತಡವನ್ನು ಕಳೆದುಕೊಳ್ಳುತ್ತದೆ. ಅಗಲವಾದ ಕ್ಯಾಟಮರಾನ್ ಹಾಗೆ ವಾಲುವುದಿಲ್ಲ, ಆದ್ದರಿಂದ ಆ ಒತ್ತಡವೆಲ್ಲ ತಂತಿಗಳ ಮೇಲೆಯೂ ಅವುಗಳ ಬುಡದ ಮೇಲೆಯೂ ಬೀಳುತ್ತದೆ. ಹತ್ತು ವರ್ಷ ದಾಟಿದ ತಂತಿಗಳಿದ್ದರೆ ವಿಮಾ ಕಂಪನಿಗಳು ಅನೇಕ ಸಲ ಪಾಲಿಸಿ ಕೊಡಲು ಹಿಂಜರಿಯುತ್ತವೆ. 2008ರ ಮೂಲ ತಂತಿಗಳೇ ಇದ್ದರೆ ಅವನ್ನು ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿಯೇ ಕಳೆಯಿರಿ.

ಎರಡನೆಯದು ಇನ್ನೂ ಮುಖ್ಯ. ಹಾಯಿಕಂಬ ನಿಂತಿರುವುದು ಎರಡು ಒಡಲುಗಳ ನಡುವಿನ ಸೇತುವೆಯಂತಹ ಭಾಗದ ಮೇಲೆ. ಅದರ ಭಾರವನ್ನು ಹೊರುವುದು ಕೆಳಗಿನ ಅಡ್ಡಗೋಡೆ, ಅಂದರೆ ಬಲ್ಕ್‌ಹೆಡ್. ಆ ಗೋಡೆ ಒಡಲಿಗೆ ಅಂಟಿದ ಜಾಗದಲ್ಲಿ ಬಿರುಕಿದೆಯೇ, ಫೈಬರ್ ಪಟ್ಟಿ ಬಿಟ್ಟುಕೊಂಡಿದೆಯೇ, ಹತ್ತಿರದ ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರುತ್ತದೆಯೇ ಎಂಬುದನ್ನು ಹಲಗೆಗಳನ್ನು ಬಿಚ್ಚಿಸಿ ನೋಡಬೇಕು. ಹಾಗೆಯೇ ಡೆಕ್ಕಿನ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರದ ತಿರುಳಿದ್ದರೆ, ಸಡಿಲವಾದ ಬೋಲ್ಟುಗಳ ಸುತ್ತ ನೀರಿಳಿದು ಅದು ಕೊಳೆತಿರಬಹುದು. ತೇವಮಾಪಕದಿಂದಲೂ ಸಣ್ಣ ಸುತ್ತಿಗೆಯ ಸದ್ದಿನಿಂದಲೂ ಅನುಭವಸ್ಥ ಸರ್ವೆಯರ್ ಇದನ್ನು ಪತ್ತೆ ಹಚ್ಚುತ್ತಾನೆ.

ಮೂರನೆಯದು ಸೇಲ್‌ಡ್ರೈವ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಒಡಲಿನ ತಳದ ರಂಧ್ರದ ಮೂಲಕ ನೀರಿನಲ್ಲಿರುವ ಪ್ರೊಪೆಲ್ಲರಿಗೆ ಒಯ್ಯುವ ಭಾಗ. ಆ ರಂಧ್ರವನ್ನು ಒಂದು ರಬ್ಬರ್ ಪೊರೆ ಮುಚ್ಚಿರುತ್ತದೆ. ಎಂಜಿನ್ ತಯಾರಕ ವೋಲ್ವೋ ಪೆಂಟಾ ಅದನ್ನು ಏಳು ವರ್ಷಕ್ಕೊಮ್ಮೆ ಬದಲಾಯಿಸಲು ಹೇಳುತ್ತದೆ. ಎಂಜಿನ್ ಎರಡಿರುವುದರಿಂದ ಈ ಖರ್ಚೂ ಎರಡು ಪಟ್ಟು.

ಮಾರುವವರ ವರದಿಯನ್ನು ಓದಿ, ಆದರೆ ಅದನ್ನು ನಂಬಿ ಹಣ ಕೊಡಬೇಡಿ. ಅದನ್ನು ಬರೆದ ಸರ್ವೆಯರ್ ನಿಮಗೆ ಉತ್ತರ ಕೊಡಬೇಕಾದವನಲ್ಲ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ ನಿಮ್ಮದೇ ಸರ್ವೆಯರ್‌ನಿಂದ ಪರೀಕ್ಷೆ ಮಾಡಿಸಿ, ಬಳಿಕ ಸಮುದ್ರದಲ್ಲಿ ಓಡಿಸಿ ನೋಡಿ. ಬೆಲೆಯ ಕಾಲು ಭಾಗವನ್ನಾದರೂ ಮೊದಲ ವರ್ಷದ ದುರಸ್ತಿಗೆಂದು ಕೈಯಲ್ಲಿ ಇಟ್ಟುಕೊಳ್ಳಬೇಕೆಂಬುದು ನನ್ನ ಅಂದಾಜು.

ಬಂದರುಕಟ್ಟೆ:

ಮೇಲಿನವರು ದೋಣಿಯ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ನನಗೆ ಅದಕ್ಕಿಂತ ಹೆಚ್ಚು ಯೋಚನೆಯಾಗುತ್ತಿರುವುದು ನಿಮ್ಮ ಪಾಸ್‌ಪೋರ್ಟಿನದು. ಗ್ರೀಸೂ ಸೇರಿದಂತೆ ಯುರೋಪಿನ ಬಹುತೇಕ ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾ ಪಡೆದರೂ ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಕಾಲ ನೀವು ಗ್ರೀಸಿನಲ್ಲಿ ಇರುವಂತಿಲ್ಲ. ದೋಣಿ ಅಲ್ಲಿರಬಹುದು, ನೀವು ಇರಲಾಗದು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಸತತವಾಗಿ ಬ್ರಿಟನ್ನಿನ ಹೊರಗಿದ್ದರೆ ಐಎಲ್‌ಆರ್ ಕೂಡ ಹೋಗುತ್ತದೆ. ಬ್ರಿಟಿಷ್ ಪೌರತ್ವ ಪಡೆಯುವ ಮನಸ್ಸಿದ್ದರೆ, ಅರ್ಜಿಗೆ ಮುಂಚಿನ ಐದು ವರ್ಷದಲ್ಲಿ 450 ದಿನ, ಕೊನೆಯ ವರ್ಷದಲ್ಲಿ 90 ದಿನ ಮೀರದಂತೆ ಹೊರಗಿರಬೇಕೆಂಬುದು ಸಾಮಾನ್ಯ ನಿಯಮವಾದ್ದರಿಂದ, ಆ ಕೆಲಸವನ್ನು ಮುಗಿಸಿಕೊಂಡೇ ಹೊರಡುವುದು ಜಾಣತನ. ಪೌರತ್ವ ಬಂದರೆ ವೀಸಾದ ಅರ್ಜಿ ತಪ್ಪುತ್ತದೆ, 90 ದಿನದ ಮಿತಿ ತಪ್ಪುವುದಿಲ್ಲ.

ಇನ್ನು ವ್ಯಾಟ್. ಬಾಡಿಗೆಯ ವ್ಯವಹಾರಕ್ಕೆಂದು ನೋಂದಾಯಿಸಿದ ದೋಣಿಗೆ ತೆರಿಗೆ ವಿನಾಯಿತಿ ಸಿಕ್ಕಿರಬಹುದು. ಖಾಸಗಿಯವರಿಗೆ ಮಾರುವಾಗ ಆ ತೆರಿಗೆ ಯಾರ ತಲೆಗೆ ಬರುತ್ತದೆ ಎಂಬುದು ಒಪ್ಪಂದದಲ್ಲಿ ಬರವಣಿಗೆಯಲ್ಲಿಯೇ ಇರಬೇಕು. ಗ್ರೀಸಿನಲ್ಲಿ ವ್ಯಾಟ್ ದರ ಶೇ. 24. ಅಲ್ಲಿ ತೆರಿಗೆ ಕಟ್ಟಿದ ದೋಣಿಯನ್ನೂ ಇಂಗ್ಲೆಂಡಿಗೆ ತಂದರೆ ಇಲ್ಲಿ ಮತ್ತೆ ಶೇ. 20 ಕೇಳುತ್ತಾರೆ. ಬ್ರಿಟನ್ನಿನ ಸಣ್ಣ ಹಡಗುಗಳ ನೋಂದಣಿ, ಅಂದರೆ ಎಸ್‌ಎಸ್‌ಆರ್, ಅಗ್ಗವೇನೋ ಹೌದು, ಆದರೆ ಅದು ಮಾಲೀಕತ್ವಕ್ಕೆ ಸಾಕ್ಷಿಯಲ್ಲ. ಹಳೆಯ ನೋಂದಣಿ ರದ್ದಾದ ಪತ್ರ, ಸಾಲವಿಲ್ಲವೆಂಬ ಪತ್ರ, ಹಿಂದಿನ ಎಲ್ಲ ಮಾರಾಟಪತ್ರಗಳು ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ.

ಒಂಟಿ_ಒಡಲು:

ಕ್ಯಾಟಮರಾನೇ ಏಕೆ ಎಂದು ಕೇಳುವವನು ನಾನೊಬ್ಬನಾದರೂ ಇರಲಿ. ಲಗೂನ್ 380ರ ಉದ್ದ 11.55 ಮೀಟರ್, ಅಗಲ 6.53 ಮೀಟರ್. ಈ ಅಗಲಕ್ಕೆ ಅನೇಕ ಮರೀನಾಗಳು ಒಂದೂವರೆ ಪಟ್ಟು, ಕೆಲವೆಡೆ ಎರಡು ಪಟ್ಟು ಶುಲ್ಕ ಕೇಳುತ್ತವೆ. ಲಂಗರಿನಲ್ಲಿಯೇ ಹೆಚ್ಚು ದಿನ ಇರುವವರಿಗೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಜಾಗವಿದೆಯೆಂದು ಸಾಮಾನು ತುಂಬಿದರೆ ದೋಣಿ ಕೆಳಗಿಳಿದು, ನಡುಸೇತುವೆಯ ಅಡಿಗೆ ಅಲೆಗಳು ಬಡಿಯತೊಡಗುತ್ತವೆ, ವೇಗವೂ ಹೋಗುತ್ತದೆ. ದೋಸೆಹಿಟ್ಟಿಗೆಂದು ಕಲ್ಲಿನ ಗ್ರೈಂಡರ್ ಹತ್ತಿಸಬೇಕೆನ್ನುವವರು ಬೇರೇನನ್ನು ಇಳಿಸುತ್ತೇವೆಂದು ಮೊದಲೇ ತೀರ್ಮಾನಿಸಲಿ.

ಸುರಕ್ಷತೆಯ ಮಾತೂ ಇದೆ. ಒಂದೊಡಲಿನ ದೋಣಿ ಹೆಚ್ಚು ವಾಲಿ, ಹಾಯಿ ಕಿರಿದು ಮಾಡು ಎಂದು ತಾನೇ ಹೇಳುತ್ತದೆ. ಕ್ಯಾಟಮರಾನ್ ಹೇಳುವುದಿಲ್ಲ; ಗಾಳಿಮಾಪಕವನ್ನು ನೋಡಿ, ಎಷ್ಟು ಗಾಳಿಗೆ ಎಷ್ಟು ಹಾಯಿ ಎಂಬ ತಯಾರಕರ ಪಟ್ಟಿಯಂತೆ ನೀವೇ ಕಿರಿದು ಮಾಡಬೇಕು. ಮಗುಚಿದರೆ ಅದು ತಾನಾಗಿ ಮೇಲೇಳುವುದೂ ಇಲ್ಲ. ಕೊಳ್ಳುವ ಮುಂಚೆ ಇದೇ ಮಾದರಿಯನ್ನು ಒಂದು ವಾರ ಬಾಡಿಗೆಗೆ ಪಡೆದು, ಆದಷ್ಟು ಗಾಳಿಗೆದುರಾಗಿ ನಡೆಸಿ ನೋಡಿ.

ದಕ್ಷಿಣದಂಡೆ:

ಮೂವರಿಗೂ ಕೃತಜ್ಞತೆಗಳು. ವೀಸಾದ ಮಿತಿಯನ್ನು ನೋಡಿದ ಮೇಲೆ ಗ್ರೀಸಿನ ಬದಲು ಕೆರಿಬಿಯನ್ನಿನಲ್ಲಿಯೇ ದೋಣಿ ಹುಡುಕುವುದು ಸರಿಯೇ ಎಂಬ ಪ್ರಶ್ನೆ ಎದ್ದಿದೆ. ಅಲ್ಲಿ ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು?

ಹಾಯಿಹಗ್ಗ:

ಗ್ರೆನಡಾ, ಸೇಂಟ್ ವಿನ್ಸೆಂಟ್, ಡೊಮಿನಿಕಾ ದ್ವೀಪಗಳಿಗೆ ಭಾರತದ ಪಾಸ್‌ಪೋರ್ಟಿನವರು ವೀಸಾ ಇಲ್ಲದೆ ಹೋಗಬಹುದು, ಎಷ್ಟು ದಿನವೆಂಬುದು ಒಂದೊಂದು ಕಡೆ ಒಂದೊಂದು ರೀತಿ. ಹಳೆಯ ಚಾರ್ಟರ್ ದೋಣಿಗಳ ದೊಡ್ಡ ನೆಲೆಯಾದ ಮಾರ್ಟಿನಿಕ್ ಮಾತ್ರ ಫ್ರಾನ್ಸಿಗೆ ಸೇರಿದ್ದು. ಸಾಮಾನ್ಯ ಷೆಂಗೆನ್ ವೀಸಾ ಅಲ್ಲಿಗೆ ತಾನಾಗಿ ಅನ್ವಯಿಸುವುದಿಲ್ಲ, ದೋಣಿ ನೋಡಲು ಹೋಗುವುದಕ್ಕೂ ಪ್ರತ್ಯೇಕ ಅನುಮತಿ ಬೇಕಾಗುತ್ತದೆ.

ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಚಂಡಮಾರುತದ ದಿನ ದೋಣಿ ಎಲ್ಲಿತ್ತು ಎಂಬುದು. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಬ್ರಿಟಿಷ್ ವರ್ಜಿನ್ ದ್ವೀಪಗಳ ಬಾಡಿಗೆ ದೋಣಿಗಳನ್ನು ಒಂದರ ಮೇಲೊಂದು ಎಸೆಯಿತು. ಹಾಗೆ ಪೆಟ್ಟು ತಿಂದವುಗಳಲ್ಲಿ ಕೆಲವು ದುರಸ್ತಿಯಾಗಿ ಮಾರುಕಟ್ಟೆಗೆ ಬಂದವು. ಸುರಕ್ಷಿತವೆಂದು ಜನ ನಂಬಿದ್ದ ದಕ್ಷಿಣದಲ್ಲಿಯೂ 2024ರ ಜುಲೈ 1ರಂದು ಬೆರಿಲ್ ಕ್ಯಾರಿಯಾಕೂ ದ್ವೀಪಕ್ಕೆ ಅಪ್ಪಳಿಸಿ, ಅಲ್ಲಿನ ಮ್ಯಾಂಗ್ರೋವ್ ಕಾಡಿನಲ್ಲಿ ಆಶ್ರಯ ಪಡೆದಿದ್ದ ದೋಣಿಗಳನ್ನು ಹಾಳುಮಾಡಿತು. ಜೂನ್‌ನಿಂದ ನವೆಂಬರ್‌ವರೆಗೆ ದೋಣಿಯನ್ನು ಎಲ್ಲಿಡುತ್ತೀರಿ ಎಂದು ವಿಮಾ ಕಂಪನಿ ಕೇಳಿಯೇ ಕೇಳುತ್ತದೆ. ಮುಂಗಡ ಕೊಡುವ ಮೊದಲೇ ಅವರಿಂದ ಬರಹದಲ್ಲಿ ದರ ಪಡೆಯಿರಿ. ಮುಂಗಡ ಸಾಮಾನ್ಯವಾಗಿ ಶೇ. 10 ಇರುತ್ತದೆ. ಸರ್ವೆ ಒಪ್ಪಿಗೆಯಾಗದಿದ್ದರೆ, ಇಲ್ಲವೇ ವಿಮೆ ಸಿಗದಿದ್ದರೆ, ಅದು ಪೂರ್ತಿ ಹಿಂದಿರುಗಬೇಕೆಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸಲು ಬ್ರೋಕರಿಗೆ ಹೇಳಿ. ಒಪ್ಪದಿದ್ದರೆ ಬೇರೆ ದೋಣಿ ನೋಡಿ.