ಆಕಾಶಬುಟ್ಟಿ: ಚೌಕ ವಾಲುತ್ತೆ, ಗ್ಲಾಸ್ ಪೇಪರ್ ಅಂಟಲ್ಲ

ಶಿರಾಗೇಟ್ (ತುಮಕೂರು)
24 ಕಡ್ಡಿಯ ಹಳೇ ಮಾದರಿ ಆಕಾಶಬುಟ್ಟಿ, ಅಂದರೆ ಆರು ಚೌಕಗಳನ್ನು ಮೂಲೆಗೆ ಮೂಲೆ ಕಟ್ಟುವುದು. ಕಡ್ಡಿ 20 ಸೆಂ.ಮೀ. ತೊಡಕು ಮೂರು. ಎತ್ತಿದ ಕೂಡಲೇ ಇಡೀ ಬುಟ್ಟಿ ತಿರುಚಿಕೊಂಡು ಕುಸಿಯುತ್ತೆ. ಗ್ಲಾಸ್ ಪೇಪರ್‌ಗೆ ಹಚ್ಚಿದ ಬಿಳಿ ಗೋಂದು ಬೆಳಗ್ಗೆ ಹೊತ್ತಿಗೆ ಸಿಪ್ಪೆ ಥರ ಎದ್ದು ಬರುತ್ತೆ. ಬಿದಿರಿನ ಸಿಬಿರು ಮಕ್ಕಳ ಬೆರಳಿಗೆ ಚುಚ್ಚುತ್ತೆ. ಬದಲಿಗೆ ಅಂಚಿಕಡ್ಡಿ (ತೆಂಗಿನ ಗರಿಯ ಕಡ್ಡಿ) ಆಗುತ್ತಾ? ಒಬ್ಬನಿಗೆ 9 ವರ್ಷ, ಇನ್ನೊಬ್ಬಳಿಗೆ 5. ಚಿಕ್ಕವಳಿಗೆ ಏನು ಕೆಲಸ ಕೊಡೋದು?

ಮೂಲೆಮಟ್ಟ
ಕುಸಿಯೋದು ಗಂಟಿನ ತಪ್ಪಲ್ಲ. ತ್ರಿಕೋನ ಕದಲಲ್ಲ, ಚೌಕ ಕದಲುತ್ತೆ. ಒಂದು ಮೂಲೆ ತಳ್ಳಿದರೆ ಸಾಕು, ಡೈಮಂಡ್ ಆಕಾರಕ್ಕೆ ವಾಲುತ್ತೆ. ಅಂಥ ಆರೂ ಒಟ್ಟಿಗೆ ವಾಲಿದಾಗ ಬುಟ್ಟಿ ಹಿಂಡಿದ ಬಟ್ಟೆಯಾಗುತ್ತೆ. ಎಷ್ಟು ಬಿಗಿದರೂ ಅಷ್ಟೇ.

ಎಲ್ಲರೂ ಮೊದಲು ಪೂರ್ತಿ ಚೌಕಟ್ಟು ಕಟ್ಟಿ ಆಮೇಲೆ ಕಾಗದ ಹಚ್ಚುತ್ತಾರೆ. ಚೌಕಗಳ ಮಟ್ಟಿಗೆ ಅದನ್ನ ಉಲ್ಟಾ ಮಾಡಿ. ನ್ಯೂಸ್ ಪೇಪರ್ ಮೇಲೆ 20 ಸೆಂ.ಮೀ. ಚೌಕ ಬರೆದು, ಗೆರೆ ಮೇಲೇ ಕಡ್ಡಿ ಇಟ್ಟು ಕಟ್ಟಿ. ಕಡ್ಡಿ 22 ಕತ್ತರಿಸಿರಬೇಕು, ಎರಡೂ ತುದಿಯಲ್ಲಿ 1 ಸೆಂ.ಮೀ. ಗಂಟಿಗೆ ಹೋಗುತ್ತೆ. ಈಗ ಕರ್ಣ ಅಳೆಯಲಿ, 9 ವರ್ಷದವನಿಗೆ ಇದು ಒಳ್ಳೇ ಕೆಲಸ. ಎರಡೂ 28.3 ಬರಬೇಕು. ಒಂದು 27, ಇನ್ನೊಂದು 29.5 ಬಂತು ಅಂದರೆ ವಾಲಿದೆ.

ನಾಲ್ಕು ಚೌಕಕ್ಕೆ ನೆಲದ ಮೇಲಿರುವಾಗಲೇ ಕಾಗದ ಹಚ್ಚಿ ಒಣಗಲು ಬಿಡಿ. ಒಣಗಿದ ಕಾಗದವೇ ಅವನ್ನು ವಾಲದಂತೆ ಹಿಡಿದಿಡುತ್ತೆ. ಐದನೆಯದು ಮೇಲ್ಗಡೆಗೆ: ಕಾಗದ ಬೇಡ, ಮೂಲೆಯಿಂದ ಮೂಲೆಗೆ 30 ಸೆಂ.ಮೀ. ಕಡ್ಡಿ ಅಡ್ಡ ಕಟ್ಟಿ, ಹೋಲ್ಡರ್ ಅದಕ್ಕೇ ತೂಗಬೇಕು. ಆರನೆಯದು ಕೆಳಗಡೆಗೆ: ದಾರದಲ್ಲಿ ಗುಣಾಕಾರದ ಗುರುತಿನಂತೆ ಎರಡು ಎಳೆ ಬಿಗಿದರೆ ಸಾಕು.

ಜೋಡಿಸುವಾಗ ಕಾಗದದ ನಾಲ್ಕೂ ಚೌಕ ಮೂಲೆ ಮೇಲೆ ನಿಲ್ಲಬೇಕು, ಗಾಳಿಪಟ ನಿಂತ ಹಾಗೆ. ಅಕ್ಕಪಕ್ಕದ ಮೂಲೆ ಕಟ್ಟಿ ಉಂಗುರ ಮಾಡಿ, ಮೇಲಿನ ತುದಿಗಳಿಗೆ ಮೇಲಿನ ಚೌಕ, ಕೆಳತುದಿಗಳಿಗೆ ಕೆಳಗಿನದು. ಒಟ್ಟು 12 ಗಂಟು. ನಡುವೆ ಎಂಟು ತ್ರಿಕೋನ ಖಾಲಿ ಉಳಿಯುತ್ತವೆ, ಅವಕ್ಕೆ ಕಾಗದ ಕೊನೆಗೆ.

ಗಾಳಿಪಟದ ಕಾಗದ 20×30 ಇಂಚಿನದಾದರೆ ಎರಡು ಹಾಳೆ ಸಾಕು, ಒಂದರಲ್ಲಿ ಚೌಕ, ಇನ್ನೊಂದರಲ್ಲಿ ತ್ರಿಕೋನ. ಸುತ್ತ ಒಂದೂವರೆ ಸೆಂ.ಮೀ. ಮಡಿಸಲು ಬಿಡಿ. ಒಣಗಿದ ಮೇಲೂ ಸುಕ್ಕಿದ್ದರೆ ದೂರದಿಂದ ನೀರು ಸಿಂಪಡಿಸಿ, ಮತ್ತೆ ಒಣಗುವಾಗ ಡೋಲಿನ ಚರ್ಮದಂತೆ ಬಿಗಿಯುತ್ತೆ. ಜಾಸ್ತಿ ನೆನೆಸಿದರೆ ಸಣ್ಣ ಕಡ್ಡಿಯನ್ನೇ ಬಗ್ಗಿಸಿಬಿಡುತ್ತೆ.

ಹಿಪ್ಪುನೇರಳೆ (ಶಿಡ್ಲಘಟ್ಟ)
ಈಗಿನ ಗ್ಲಾಸ್ ಪೇಪರ್ ಹೆಚ್ಚಾಗಿ ಪ್ಲಾಸ್ಟಿಕ್. ಬಿಳಿ ಗೋಂದಿನ ನೀರು ಹೀರಿಕೊಳ್ಳಲು ಅದಕ್ಕೆ ರಂಧ್ರವೇ ಇಲ್ಲ, ಮೇಲೇ ಪದರವಾಗಿ ಒಣಗಿ ಎದ್ದು ಬರುತ್ತೆ. ಅದೇ ಬೇಕೆಂದರೆ ಡಬಲ್ ಸೈಡ್ ಟೇಪ್ ಹಾಕಿ. ಕಾಗದಕ್ಕಾದರೆ ಮೈದಾ ಅಂಟೇ ಚೆನ್ನ: ಎರಡು ದೊಡ್ಡ ಚಮಚ ಮೈದಾವನ್ನು ಕಾಲು ಲೋಟ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ಒಂದು ಲೋಟ ನೀರಿಗೆ ಸುರಿದು, ಹೊಳಪು ಬರುವವರೆಗೆ ಕಲಕಿ. ಹುಳು ಹಿಡಿಯದಿರಲಿ ಅಂತ ಹಿಂದೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳು ಕೈ ಹಾಕುವ ಅಂಟಿಗೆ ಬೇಡವೇ ಬೇಡ. ರಾಗಿ ಹಿಟ್ಟಿನ ಅಂಟೂ ಬೇಡ, ಬಿಳಿ ಕಾಗದದ ಮೇಲೆ ಕಂದು ಕಲೆ ಕಾಣುತ್ತೆ.

ಕಡ್ಡಿಗೆ ನಮ್ಮ ಕಡೆ ಸುಲಭದ ದಾರಿ ಮುರಿದ ಚಂದ್ರಿಕೆ, ಅಂದರೆ ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ. ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ರೇಷ್ಮೆ ಮನೆಗಳಲ್ಲಿ ಹಳೇ ಚಂದ್ರಿಕೆ ಮೂಲೆಗೆ ಬಿದ್ದಿರುತ್ತೆ. ಹಳೇ ಬಿದಿರು, ಚೆನ್ನಾಗಿ ಒಣಗಿರುತ್ತೆ. ಆದರೆ ಹುಳುಮನೆ ಸಾಮಾನಿಗೆ ಬ್ಲೀಚಿಂಗ್ ಪೌಡರ್, ಫಾರ್ಮಾಲಿನ್ ಹೊಡೆದಿರುತ್ತಾರೆ. ತೊಳೆದು ಎರಡು ದಿನ ಬಿಸಿಲಿಗಿಟ್ಟು ಆಮೇಲೆ ಮಕ್ಕಳ ಕೈಗೆ ಕೊಡಿ. ಹೊಳೆಯುವ ಸಿಪ್ಪೆಯ ಮೇಲೆ ಅಂಟು ನಿಲ್ಲಲ್ಲ, ಚಾಕುವಿನಿಂದ ಹೆರೆಯಿರಿ. ಹೆರೆಯೋದು, ಸೀಳೋದು ದೊಡ್ಡವರ ಕೆಲಸ. ನಂತರ 120 ನಂಬರ್ ಉಪ್ಪುಕಾಗದವನ್ನು ನಾರಿನ ಉದ್ದಕ್ಕೆ ಎಳೆದರೆ ಸಿಬಿರು ಹೋಗುತ್ತೆ. ಅಡ್ಡಡ್ಡ ತಿಕ್ಕಿದರೆ ಇನ್ನಷ್ಟು ಏಳುತ್ತೆ.

ತಿಪಟೂರು ಗರಿ
ಅಂಚಿಕಡ್ಡಿ 20 ಸೆಂ.ಮೀ. ಚೌಕಕ್ಕೆ ಆಗಲ್ಲ. ಬುಡ ದಪ್ಪ, ತುದಿ ಸಣ್ಣ. ಕಾಗದ ಬಿಗಿದಾಗ ತುದಿ ಕಡೆ ಬಿಲ್ಲಿನಂತೆ ಬಾಗುತ್ತೆ. ಬುಡದ ಕಡೆಯದನ್ನು 10 ಸೆಂ.ಮೀ. ಕತ್ತರಿಸಿ ಪುಟ್ಟ ಬುಟ್ಟಿ ಮಾಡಬಹುದು, ಒಳಗೆ ಬ್ಯಾಟರಿ ದೀಪ ಮಾತ್ರ.

5 ವರ್ಷದವಳಿಗೆ ಕಡ್ಡಿಯೇ ಬೇಡ. ಎ4 ಅಳತೆಯ ದಪ್ಪ ಹಾಳೆ (120 ಜಿಎಸ್‌ಎಂ ಮೇಲೆ, ಜೆರಾಕ್ಸ್ ಹಾಳೆ ಜೋತು ಬೀಳುತ್ತೆ) ಉದ್ದಕ್ಕೆ ಮಡಿಸಿ, ಮಡಿಕೆ ಕಡೆಯಿಂದ ಒಂದೂವರೆ ಸೆಂ.ಮೀ.ಗೊಂದು ಸೀಳು. ಅಂಚಿಗೆ ಎರಡೂವರೆ ಸೆಂ.ಮೀ. ಮೊದಲೇ ನಿಲ್ಲಬೇಕು. ಅಲ್ಲಿ ಪೆನ್ಸಿಲ್ ಗೆರೆ ಹಾಕಿಕೊಡಿ, ಇಲ್ಲವಾದರೆ ಕತ್ತರಿ ಸೀದಾ ಆಚೆ ಹೋಗುತ್ತೆ. ಬಿಡಿಸಿ ಸುತ್ತಿದರೆ 21 ಸೆಂ.ಮೀ. ಎತ್ತರದ ಕೊಳವೆ. ಒಳಗೆ 17 ಸೆಂ.ಮೀ. ಎತ್ತರದ ಬೇರೆ ಬಣ್ಣದ ಕೊಳವೆ ಇಟ್ಟು ಮೇಲೆ ಕೆಳಗೆ ಅಂಟಿಸಿ. ಒಳಗಿನದು ಗಿಡ್ಡ ಇರೋದರಿಂದಲೇ ಹೊರಗಿನದು ಉಬ್ಬುತ್ತೆ. ದೊಡ್ಡ ಬುಟ್ಟಿಯ ಬಾಲಂಗೋಚಿಯನ್ನೂ ಅವಳೇ ಕತ್ತರಿಸಲಿ, ಅಲ್ಲಿ ಸೊಟ್ಟ ಇದ್ದಷ್ಟೂ ಚೆಂದ.

ಶಿರಾಗೇಟ್
ಬಲ್ಬ್ ಎಷ್ಟು ವ್ಯಾಟ್? ಬುಟ್ಟಿ ಬಾಗಿಲ ಮುಂದೆ ಬಯಲಲ್ಲೇ ತೂಗಬೇಕು.

ಮೂಲೆಮಟ್ಟ
ಅರ್ಧದಿಂದ 3 ವ್ಯಾಟ್ ಎಲ್‌ಇಡಿ. ಹಳೇ ‘ಝೀರೋ’ ಬಲ್ಬ್ ಹೆಸರಿಗಷ್ಟೇ ಝೀರೋ, ಸುಮಾರು 15 ವ್ಯಾಟ್ ಎಳೆದು ಬಿಸಿಯಾಗುತ್ತೆ. ಬಲ್ಬ್ ನಟ್ಟನಡುವೆ ಇದ್ದರೆ ಹತ್ತಿರದ ಕಾಗದ 14 ಸೆಂ.ಮೀ. ದೂರ, ಒಂದು ಕಡೆಗೆ ವಾಲದಂತೆ ನೋಡಿ. ನೀಲಿ ಕಾಗದವಾದರೆ ಬಿಳಿ ಬಲ್ಬ್ ತನ್ನಿ, ಹಳದಿ ಬೆಳಕಲ್ಲಿ ನೀಲಿ ಅಂಶವೇ ಕಮ್ಮಿ, ಮಂಕು ಹೊಡೆಯುತ್ತೆ. ಎಣ್ಣೆ ದೀಪ ಒಳಗಿಡಬೇಡಿ.

ಬುಟ್ಟಿಯ ಭಾರ ಹುರಿಯ ಮೇಲಿರಲಿ, ವೈರ್ ಸಡಿಲವಾಗಿರಲಿ. ಕಾರ್ತಿಕದ ಮಳೆ ನಂಬೋ ಹಾಗಿಲ್ಲ, ಮೈದಾ ಅಂಟು ನೆನೆದರೆ ಬಿಟ್ಟುಕೊಳ್ಳುತ್ತೆ, ಆದ್ದರಿಂದ ಬಯಲು ಬಿಟ್ಟು ಸಜ್ಜೆ ಕೆಳಗೆ ತೂಗಿ. ಅಲ್ಲೂ ವೈರ್ ಹೋಲ್ಡರ್‌ಗೆ ಸೇರುವ ಮೊದಲು ಅದಕ್ಕಿಂತ ಒಂದು ಗೇಣು ಕೆಳಗಿಳಿದು ಮತ್ತೆ ಮೇಲೇರಲಿ. ವೈರ್ ಹಿಡಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತೆ, ಹೋಲ್ಡರ್ ಒಳಗೆ ಹೋಗಲ್ಲ.