ಸಣ್ಣ ಕಲಾ ಸಂಸ್ಥೆಯ ಹಣಕಾಸು: ಹವ್ಯಾಸಿ ನಾಟಕ ತಂಡದ ಪ್ರಶ್ನೆಗೆ ಅನುಭವಸ್ಥರ ಉತ್ತರಗಳು

ಪ್ರಶ್ನೆ (ಶಿವಮೊಗ್ಗ ಜಿಲ್ಲೆಯ ಹವ್ಯಾಸಿ ನಾಟಕ ತಂಡದ ಕಾರ್ಯದರ್ಶಿ):

ನಮ್ಮ ತಂಡ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿ ನಾಲ್ಕು ವರ್ಷಗಳಾಗಿವೆ. ವರ್ಷಕ್ಕೆ ಎರಡು ಹೊಸ ನಾಟಕಗಳನ್ನೂ ಬೇಸಿಗೆಯಲ್ಲಿ ಒಂದು ಮಕ್ಕಳ ಶಿಬಿರವನ್ನೂ ನಡೆಸುತ್ತೇವೆ. ಪ್ರತಿ ನಾಟಕ ಮುಗಿದಾಗಲೂ ಯಾರಾದರೊಬ್ಬ ಸದಸ್ಯರು ಕೈಯಿಂದ ಹಾಕಿದ ಹಣ ಹಾಗೆಯೇ ಬಾಕಿ ಉಳಿಯುತ್ತದೆ. ಸರ್ಕಾರಿ ಇಲಾಖೆಯ ಧನಸಹಾಯ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ, ಅಮೆರಿಕದಲ್ಲಿರುವ ಊರಿನವರ ದೇಣಿಗೆ, ಇವುಗಳಲ್ಲಿ ಮೊದಲು ಯಾವುದಕ್ಕೆ ಪ್ರಯತ್ನಿಸಬೇಕು? ಹಣಕಾಸು ಸಲಹೆಗಾರರನ್ನು ಇಟ್ಟುಕೊಳ್ಳುವ ಶಕ್ತಿ ನಮಗಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೈಸೂರಿನ ರಂಗಸಂಸ್ಥೆಯೊಂದರ ಖಜಾಂಚಿ:

ನಮಸ್ಕಾರ ಸರ್. ಹಣ ಎಲ್ಲಿಂದ ಬರಬೇಕು ಎನ್ನುವುದಕ್ಕಿಂತ ಮೊದಲು ಅದು ಯಾವ ತಿಂಗಳು ಕೈಗೆ ಬರುತ್ತದೆ ಎಂದು ನೋಡಿಕೊಳ್ಳಿ. ಧನಸಹಾಯದ ಹಣ ಬಹಳಷ್ಟು ಸಲ ಕಾರ್ಯಕ್ರಮ ಮುಗಿದು, ವರದಿ, ಫೋಟೊ, ಬಿಲ್ಲು, ಹಣ ಬಳಕೆ ಪ್ರಮಾಣಪತ್ರಗಳೆಲ್ಲ ಸಲ್ಲಿಕೆಯಾದ ಮೇಲೆಯೇ ಖಾತೆಗೆ ಬರುತ್ತದೆ. ರಂಗಸಜ್ಜಿಕೆಯ ಮರ, ಬಟ್ಟೆ, ಬೆಳಕಿನ ಬಾಡಿಗೆ, ರಂಗಮಂದಿರದ ಮುಂಗಡ ಇವೆಲ್ಲವನ್ನೂ ಅದಕ್ಕಿಂತ ತಿಂಗಳುಗಟ್ಟಲೆ ಮೊದಲೇ ಕಟ್ಟಬೇಕು. ನಿಮ್ಮ ಸದಸ್ಯರ ಜೇಬಿನಿಂದ ಹೋಗುತ್ತಿರುವುದು ಈ ನಡುವಿನ ಅಂತರದ ಹಣವೇ ಇರಬೇಕೆಂದು ನನ್ನ ಊಹೆ. ಹಾಗಿದ್ದರೆ ಇನ್ನೂ ಒಂದು ಧನಸಹಾಯ ಸಿಕ್ಕಿದರೂ ಆ ಅಂತರ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಕಲಂ ಎಳೆದು, ಪ್ರತಿ ತಿಂಗಳು ಖಚಿತವಾಗಿ ಬರುವ ಹಣ, ಬರಬಹುದಾದ ಹಣ ಮತ್ತು ಹೋಗಲೇಬೇಕಾದ ಹಣವನ್ನು ಬೇರೆ ಬೇರೆ ಸಾಲುಗಳಲ್ಲಿ ಬರೆಯಿರಿ. ನಾವು ಈ ಹಾಳೆಯನ್ನು ನಾಟಕದ ಆಯ್ಕೆ ನಡೆಯುವ ಸಭೆಗೇ ತರುತ್ತೇವೆ. ಎಷ್ಟು ಜನರ ನಾಟಕ, ರಂಗಸಜ್ಜಿಕೆ ಲಾರಿಗೆ ಬೇಕೋ ಟೆಂಪೋಗೆ ಸಾಕೋ ಎನ್ನುವುದನ್ನು ನಿರ್ದೇಶಕರೊಡನೆ ಅಲ್ಲಿಯೇ ಮಾತಾಡುವುದರಿಂದ ನಂತರ ಯಾರಿಗೂ ಮುಜುಗರವಾಗುವುದಿಲ್ಲ.

ವರ್ಷಕ್ಕೆ ಎರಡು ಹೊಸ ನಾಟಕಗಳ ಬದಲು ಒಂದನ್ನೇ ಮಾಡಿ, ಅದನ್ನು ಹೆಚ್ಚು ಊರುಗಳಿಗೆ ಒಯ್ಯುವ ಬಗ್ಗೆ ದಯವಿಟ್ಟು ಯೋಚಿಸಿ. ನಿಮ್ಮ ಜಿಲ್ಲೆಯದೇ ಹೆಗ್ಗೋಡಿನ ನೀನಾಸಮ್ 1985ರಿಂದ ನಡೆಸುತ್ತಿರುವ ತಿರುಗಾಟವನ್ನು, ಅಂದರೆ ಊರೂರಿಗೆ ನಾಟಕ ಒಯ್ಯುವ ಪ್ರವಾಸವನ್ನು, ಕಲೆಯ ದೃಷ್ಟಿಯಿಂದ ಎಲ್ಲರೂ ಮೆಚ್ಚುತ್ತಾರೆ, ಆದರೆ ಹಣದ ದೃಷ್ಟಿಯಿಂದಲೂ ಅದರಲ್ಲಿ ಕಲಿಯುವುದಿದೆ. ಸಿದ್ಧತೆಯ ಖರ್ಚು ಒಮ್ಮೆ ಬೀಳುತ್ತದೆ, ಪ್ರದರ್ಶನಗಳು ಹೆಚ್ಚಿದಷ್ಟೂ ಪ್ರತಿ ಪ್ರದರ್ಶನದ ಪಾಲಿಗೆ ಆ ಹೊರೆ ಇಳಿಯುತ್ತದೆ. ನಮ್ಮಲ್ಲಿ ಆಹ್ವಾನಿತ ಪ್ರದರ್ಶನಗಳ ಸಂಭಾವನೆಯಲ್ಲಿ ಒಂದು ಪಾಲನ್ನು ಮೀಸಲು ನಿಧಿಗೆ ಹಾಕಿ, ಧನಸಹಾಯ ಬರುವವರೆಗಿನ ಖರ್ಚನ್ನು ಅದರಿಂದ ನಿಭಾಯಿಸುತ್ತೇವೆ, ಹಣ ಬಂದ ಕೂಡಲೇ ನಿಧಿಯನ್ನು ಮತ್ತೆ ತುಂಬುತ್ತೇವೆ. ನಿಧಿಯ ಹಣ ತೆಗೆಯಲು ಆಡಳಿತ ಮಂಡಳಿಯ ಠರಾವು ಬೇಕೆಂಬ ನಿಯಮವನ್ನೂ ಮಾಡಿಕೊಂಡಿದ್ದೇವೆ.

ಸದಸ್ಯರು ಹಾಕುವ ಹಣ ಸಾಲವೋ ದೇಣಿಗೆಯೋ ಎಂಬುದನ್ನು ಅವರು ಕೊಟ್ಟ ದಿನವೇ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿಸಿ. ಒಳ್ಳೆಯ ಗೆಳೆತನಗಳು ಕೆಟ್ಟಿರುವುದು ಈ ಒಂದು ಸಾಲು ಇಲ್ಲದ ಕಾರಣಕ್ಕೆ. ಪ್ರದರ್ಶನದ ದಿನ ಸಂಭಾವನೆ ಹಂಚುವಾಗ ವೋಚರ್ ಪುಸ್ತಕ, ಪೆನ್ನು ಮತ್ತು ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪುಗಳು ಬಣ್ಣದ ಕೋಣೆಯಲ್ಲಿಯೇ ಇರಲಿ. 5,000 ರೂಪಾಯಿಗೆ ಮೀರಿದ ರಸೀದಿಗೆ ಸ್ಟಾಂಪು ಹಚ್ಚಬೇಕು. ಮುಖದ ಬಣ್ಣ ತೆಗೆಯುವ ಮೊದಲೇ ಸಹಿ ಮತ್ತು ಪ್ಯಾನ್ ಸಂಖ್ಯೆ ಪಡೆಯದಿದ್ದರೆ, ಮರುದಿನದಿಂದ ಆ ಸಹಿಗಾಗಿ ಊರೂರು ಅಲೆಯಬೇಕಾಗುತ್ತದೆ.

ಅರ್ಜಿಗಳಲ್ಲಿ ತಾಲೀಮು ಕೋಣೆಯ ಬಾಡಿಗೆ, ವಿದ್ಯುತ್, ಲೆಕ್ಕಪರಿಶೋಧನೆಯ ಶುಲ್ಕ ಇವುಗಳನ್ನು ಸಂಕೋಚವಿಲ್ಲದೆ ಸೇರಿಸಿ. ನಾಟಕ ಆಗುವುದು ಇವುಗಳಿಂದಲೇ, ಆದ್ದರಿಂದ ಇವನ್ನು ಮುಚ್ಚಿಟ್ಟು ಖರ್ಚು ಕಡಿಮೆ ತೋರಿಸುವ ತಂಡ ಪ್ರತಿ ವರ್ಷ ತನಗೆ ತಾನೇ ಕೊರತೆಯನ್ನು ಬರೆದುಕೊಳ್ಳುತ್ತದೆ.

ಉಡುಪಿಯ ಲೆಕ್ಕಪರಿಶೋಧಕರು:

ಖಜಾಂಚಿಯವರ ಮಾತಿಗೆ ನನ್ನ ಸಹಮತವಿದೆ. ಕಾನೂನಿನ ಭಾಗವನ್ನಷ್ಟೇ ಸೇರಿಸುತ್ತೇನೆ. ನಾನು ಹೇಳುವ ಕಲಂ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2025ರ ಹೊಸ ಕಾಯ್ದೆ ಜಾರಿಯಾಗುವ ದಿನ 2026ರ ಏಪ್ರಿಲ್ 1, ಅದರಲ್ಲಿ ಸಂಖ್ಯೆಗಳು ಬೇರೆಯಾಗಿವೆ. ಎಲ್ಲರ ಬಾಯಲ್ಲಿರುವುದು ಹಳೆಯ ಸಂಖ್ಯೆಗಳಾದ್ದರಿಂದ ಅವನ್ನೇ ಬಳಸಿದ್ದೇನೆ.

ಸಂಘದ ನೋಂದಣಿ ಇದ್ದ ಮಾತ್ರಕ್ಕೆ ತೆರಿಗೆ ವಿನಾಯಿತಿ ದೊರೆಯುವುದಿಲ್ಲ, ಅದಕ್ಕೆ 12ಎ ನೋಂದಣಿ ಪ್ರತ್ಯೇಕವಾಗಿ ಬೇಕು. ದಾನಿಗಳಿಗೆ ರಿಯಾಯಿತಿ ಸಿಗಲು 80ಜಿ ಅನುಮೋದನೆ ಬೇಕು. 80ಜಿಯಲ್ಲಿ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ವ್ಯಕ್ತಿಗಳಿಗೂ ಅದು ಸಿಗುವುದಿಲ್ಲ. ಆದ್ದರಿಂದ ಊರಿನ ಸಂಬಳದಾರರ ಬಳಿ ಹೋಗುವಾಗ ತೆರಿಗೆ ಉಳಿತಾಯದ ಆಸೆ ತೋರಿಸುವ ಬದಲು ನಾಟಕದ ಮೇಲಿನ ಪ್ರೀತಿಯಿಂದಲೇ ಕೇಳಿ.

ಸಿಎಸ್‌ಆರ್ ಬಗ್ಗೆ ಹೇಳುವುದಾದರೆ, 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಕಲೆ ಮತ್ತು ಸಂಸ್ಕೃತಿಯ ಸಂರಕ್ಷಣೆಗೆ ಸ್ಥಾನವಿದೆ. ಆದರೆ ನಿಮ್ಮಂಥ ಸಂಸ್ಥೆಗೆ 12ಎ ಮತ್ತು 80ಜಿ ಎರಡೂ ಇದ್ದು, ಸಿಎಸ್‌ಆರ್-1 ನಮೂನೆಯ ನೋಂದಣಿಯಾಗಿ, ಅದೇ ಬಗೆಯ ಕೆಲಸದಲ್ಲಿ ಮೂರು ವರ್ಷಗಳ ಅನುಭವವಿದ್ದರೆ ಮಾತ್ರ ಕಂಪನಿಗಳು ಹಣ ಕೊಡಬಹುದು. ನಾಲ್ಕು ವರ್ಷಗಳ ಕೆಲಸ ನಿಮ್ಮಲ್ಲಿ ಇದೆ, ಅದನ್ನು ತೋರಿಸುವ ಪರಿಶೋಧಿತ ಲೆಕ್ಕಪತ್ರ ಇದೆಯೇ ಎಂದು ನೋಡಿಕೊಳ್ಳಿ. ನನ್ನ ಅನುಭವದಲ್ಲಿ ಕಂಪನಿಯವರಿಗೆ ಮಕ್ಕಳ ಶಿಬಿರ ನಾಟಕಕ್ಕಿಂತ ಬೇಗ ಅರ್ಥವಾಗುತ್ತದೆ.

ಅಮೆರಿಕದ ದೇಣಿಗೆಯ ವಿಷಯದಲ್ಲಿ ಬಹಳ ಎಚ್ಚರವಿರಲಿ. ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡಿರುವ ಅನಿವಾಸಿಗಳು ತಮ್ಮ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆಯಾಗುವುದಿಲ್ಲ, ಆದರೂ ಅವರ ಪಾಸ್‌ಪೋರ್ಟಿನ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳಿ. ಅಮೆರಿಕದ ಪೌರತ್ವ ಪಡೆದವರು, ಅವರ ಬಳಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಕಾನೂನಿನ ಕಣ್ಣಿಗೆ ವಿದೇಶಿಯರೇ. ಅವರ ಹಣವನ್ನು, ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಮುಟ್ಟುವಂತಿಲ್ಲ. ನೋಂದಣಿಗೆ ಸಾಮಾನ್ಯವಾಗಿ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಉದ್ದೇಶಿತ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ನೋಂದಣಿಯಿರುವ ಬೇರೊಂದು ಸಂಸ್ಥೆಯ ಮೂಲಕ ತರಿಸಿಕೊಳ್ಳುವ ದಾರಿಯನ್ನು 2020ರ ತಿದ್ದುಪಡಿ ಮುಚ್ಚಿದೆ. ಸದಸ್ಯರೊಬ್ಬರ ಸ್ವಂತ ಖಾತೆಗೆ ತರಿಸಿ ತಂಡಕ್ಕೆ ಕೊಡಿಸೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಜಿಎಸ್‌ಟಿಗೆ ಹೆದರಬೇಕಾಗಿಲ್ಲ. ನಾಟಕದ ಟಿಕೆಟ್ ದರ ತಲೆಗೆ 500 ರೂಪಾಯಿ ಮೀರದಿದ್ದರೆ ವಿನಾಯಿತಿ ಇದೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ.

ಸಲಹೆಗಾರರ ಬಗ್ಗೆ ಕೇಳಿದ್ದೀರಿ. ತಿಂಗಳಿಗೊಂದು ದಿನ ಬಂದು ಲೆಕ್ಕ ಬರೆಯುವ ಒಬ್ಬರು ನಿಮ್ಮ ಊರಿನಲ್ಲಿಯೇ ಸಿಗುತ್ತಾರೆ, ಸದ್ಯಕ್ಕೆ ಅಷ್ಟು ಸಾಕು. ಲೆಕ್ಕಪರಿಶೋಧಕರನ್ನು ಮಾತ್ರ ಹಣಕಾಸು ವರ್ಷ ಮುಗಿಯುವ ಮೊದಲೇ ಭೇಟಿಯಾಗಿ. ಮಾರ್ಚ್ ಮೊದಲ ವಾರದಲ್ಲಿ ಬಂದವರಿಗೆ ಸರಿಪಡಿಸಿಕೊಡಬಹುದಾದದ್ದನ್ನು ಸೆಪ್ಟೆಂಬರ್‌ನಲ್ಲಿ ಬಂದವರಿಗೆ ಮಾಡಿಕೊಡಲು ನಮ್ಮಿಂದ ಆಗುವುದಿಲ್ಲ.

ದಕ್ಷಿಣ ಕನ್ನಡದ ಮದ್ದಳೆಗಾರರು:

ಮೇಲಿನವರು ಸಂಸ್ಥೆಯ ಪರವಾಗಿ ಬರೆದಿದ್ದಾರೆ, ಕಲಾವಿದರ ಪರವಾಗಿ ಒಂದೆರಡು ಮಾತು. ದೊಡ್ಡ ಆಯೋಜಕರು ನಮ್ಮ ಸಂಭಾವನೆಯಿಂದ ಮುರಿದುಕೊಂಡ ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ತೆರಿಗೆ) ನಮ್ಮದೇ ಹಣ. ನಮ್ಮ ವರ್ಷದ ಆದಾಯವು ತೆರಿಗೆ ಬೀಳುವ ಮಿತಿಗಿಂತ ಕಡಿಮೆ ಇದ್ದರೆ ರಿಟರ್ನ್ ಸಲ್ಲಿಸಿ ಅದನ್ನು ಹಿಂದಕ್ಕೆ ಪಡೆಯಬಹುದು. ನನ್ನ ಜೊತೆಯ ಅನೇಕರು ರಿಟರ್ನ್ ಎಂದರೆ ಶ್ರೀಮಂತರ ಕೆಲಸವೆಂದು ತಿಳಿದು ಅದನ್ನು ಬಿಟ್ಟುಬಿಡುತ್ತಾರೆ. ನಿಮ್ಮ ಲೆಕ್ಕ ಬರೆಯುವವರು ನಟರಿಗೂ ಹಿಮ್ಮೇಳದವರಿಗೂ ವರ್ಷಕ್ಕೊಮ್ಮೆ ಇದನ್ನು ಮಾಡಿಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ.

ಇನ್ನೊಂದು ವಿಷಯ, ವಿಮೆ. ಆಟ ಮುಗಿಸಿ ಅಪರಾತ್ರಿ ವಾಹನದಲ್ಲಿ ಮರಳುವವರು ನಾವು. ಉಡುಪಿಯಲ್ಲಿ 1975ರಲ್ಲಿ ಆರಂಭವಾದ ಯಕ್ಷಗಾನ ಕಲಾರಂಗ ಕಲಾವಿದರ ಮತ್ತು ಅವರ ಮಕ್ಕಳ ಕ್ಷೇಮವನ್ನೂ ತನ್ನ ಕೆಲಸವೆಂದು ಎಣಿಸಿ ನಡೆಸಿಕೊಂಡು ಬಂದಿರುವುದನ್ನು ನಾವು ಕಂಡಿದ್ದೇವೆ. ಸಣ್ಣ ತಂಡಕ್ಕೆ ಅಷ್ಟೆಲ್ಲ ಆಗದು, ನಿಜ. ಆದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಅದರ ವರ್ಷ ಜೂನ್ 1ಕ್ಕೆ ಶುರುವಾಗುತ್ತದೆ. ಬೇಸಿಗೆ ಶಿಬಿರ ಮುಗಿಯುವಷ್ಟರಲ್ಲಿ ರಂಗಸಜ್ಜಿಕೆ ಹೊರುವವರನ್ನೂ ಸೇರಿಸಿ ಎಲ್ಲರನ್ನೂ ಬ್ಯಾಂಕಿಗೆ ಕರೆದುಕೊಂಡು ಹೋಗಿ, ನಾಮಿನಿ ಹೆಸರು ತುಂಬಿಸಿ ಬನ್ನಿ.