‘ಮೊಟ್ಟಮೊದಲ ಭಾರತೀಯ ಸಿನಿಮಾ’ ಅಲ್ಲ ಕಣೋ

*ಶರತ್* (ಫಾರ್ವರ್ಡ್): ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ಮೊಟ್ಟಮೊದಲ ಭಾರತೀಯ ಸಿನಿಮಾ ಮರಾಠಿಯ ‘ಸಾಬರ್ ಬೋಂಡ’! ಎಲ್ಲರಿಗೂ ತಲುಪಿಸಿ 🙏

*ಲತಾ*: ಶರತ್, ಇದನ್ನ ಮುಂದಕ್ಕೆ ಕಳಿಸ್ಬೇಡ. ಸಿನಿಮಾ ಗೆದ್ದಿದ್ದು ನಿಜ, ‘ಮೊಟ್ಟಮೊದಲ’ ಅನ್ನೋದು ತಪ್ಪು. 2022ರಲ್ಲೇ ಶೌನಕ್ ಸೇನ್ ಅವರ ‘ಆಲ್ ದಟ್ ಬ್ರೀದ್ಸ್’ಗೆ ಅಲ್ಲಿ ಗ್ರ್ಯಾಂಡ್ ಜ್ಯೂರಿ ಪ್ರಶಸ್ತಿ ಬಂದಿದೆ.

*ಶರತ್*: ಅದು ಡಾಕ್ಯುಮೆಂಟರಿ ಕಣೆ.

*ಲತಾ*: ಡಾಕ್ಯುಮೆಂಟರಿ ಸಿನಿಮಾ ಅಲ್ವಾ? ಸರಿ, ಕಥಾಚಿತ್ರನೇ ತಗೋ. 2024ರಲ್ಲಿ ಶುಚಿ ತಲಾಟಿ ಅವರ ‘ಗರ್ಲ್ಸ್ ವಿಲ್ ಬಿ ಗರ್ಲ್ಸ್’ಗೆ ಪ್ರೇಕ್ಷಕರ ಪ್ರಶಸ್ತಿ ಬಂತು, ಅದರ ನಟಿ ಪ್ರೀತಿ ಪಾಣಿಗ್ರಾಹಿಗೆ ಜ್ಯೂರಿಯ ವಿಶೇಷ ಪ್ರಶಸ್ತಿ.

*ಶರತ್*: ಪ್ರಶಸ್ತಿ ಪ್ರಶಸ್ತಿನೇ. ಇಷ್ಟು ಕೂದಲು ಸೀಳೋದು ಯಾಕೆ?

*ಹರೀಶ್*: ಸೀಳಲೇಬೇಕು. ಪ್ರೇಕ್ಷಕರ ಪ್ರಶಸ್ತಿ ಅಂದ್ರೆ ನೋಡಿದವರು ಹಾಕಿದ ವೋಟು. ಗ್ರ್ಯಾಂಡ್ ಜ್ಯೂರಿ ಅಂದ್ರೆ ತೀರ್ಪುಗಾರರು ಕೂತು ಚರ್ಚೆ ಮಾಡಿ ವಿಭಾಗಕ್ಕೊಂದೇ ಅಂತ ಆರಿಸಿದ್ದು. 2025ರಲ್ಲಿ ವಿಶ್ವ ಸಿನಿಮಾ ಕಥಾಚಿತ್ರ ಸ್ಪರ್ಧೆಯಲ್ಲಿದ್ದದ್ದು ಹತ್ತೇ ಸಿನಿಮಾ, ಅದರಲ್ಲಿ ರೋಹನ್ ಕಾನವಡೆ ಅವರದ್ದು ಮೊದಲು ನಿಂತಿತು. ‘ಯಾವ ವಿಭಾಗ, ಯಾರು ಕೊಟ್ಟದ್ದು’ ಅಂತ ಬರೆದ್ರೆ ಆ ಸಿನಿಮಾಗೆ ಗೌರವ. ಬರೀ ‘ಮೊಟ್ಟಮೊದಲ’ ಅಂದ್ರೆ ಬೇರೆಯವರ ಕೆಲಸ ಅಳಿಸಿ ಹಾಕಿದ ಹಾಗೆ.

*ಶರತ್*: ಒಪ್ಪಿದೆ. ಆದ್ರೆ ಕನ್ನಡದವರು ಯಾವಾಗ?

*ರೇಣುಕಾ*: ಸನ್‌ಡ್ಯಾನ್ಸ್ ಒಂದೇ ಅಳತೆಗೋಲಾ? ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ತಂತು. ‘ಶಿವಮ್ಮ’ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಉತ್ಸವದಲ್ಲಿ ಹೊಸ ನಿರ್ದೇಶಕರಿಗೆ ಕೊಡೋ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಗೆದ್ದಿತು. ಅದು ಇಲ್ಲಿ ಥಿಯೇಟರಿಗೆ ಬಂದಿದ್ದು 2024ರ ಜೂನ್‌ನಲ್ಲಿ! ನನಗೆ ಸಂಕಟ ಆಗೋದು ಅದಕ್ಕೆ. ಗೆಲ್ಲಲಿಲ್ಲ ಅಂತಲ್ಲ, ಗೆದ್ದದ್ದನ್ನ ನಮ್ಮ ಜನ ನೋಡೋ ಹೊತ್ತಿಗೆ ಸುದ್ದಿ ಆರಿಹೋಗಿತ್ತು.

*ಶರತ್*: ಹಾಗಾದ್ರೆ ಸಿನಿಮಾ ಮಾಡಿರೋ ನಮ್ಮ ಜೂನಿಯರ್ ಹುಡುಗರಿಗೆ ಹೀಗೆ ಹೇಳ್ತೀನಿ. ಮೊದಲು ಬೆಂಗಳೂರು ಉತ್ಸವ, ಆಮೇಲೆ ಅಮೆರಿಕದ ಕನ್ನಡ ಕೂಟದಲ್ಲಿ ಒಂದು ಶೋ, ಹೆಸರಾದ ಮೇಲೆ ಸನ್‌ಡ್ಯಾನ್ಸ್.

*ಹರೀಶ್*: ಅಯ್ಯೋ ಬೇಡ! ಅಲ್ಲೇ ಎಡವೋದು. ಸನ್‌ಡ್ಯಾನ್ಸ್ ಸ್ಪರ್ಧೆಗೆ ಹೋಗೋ ವಿದೇಶಿ ಸಿನಿಮಾ ತನ್ನ ದೇಶದ ಆಚೆ ಎಲ್ಲೂ ಸಾರ್ವಜನಿಕವಾಗಿ ತೋರಿಸಿರಬಾರದು. ಬೆಂಗಳೂರು ನಮ್ಮ ದೇಶ, ಅದರಿಂದ ತೊಂದರೆ ಇಲ್ಲ. ಕನ್ನಡ ಕೂಟದಲ್ಲಿ ಟಿಕೆಟ್ ಇಟ್ಟು ಒಂದೇ ಒಂದು ಶೋ ಹಾಕಿದ್ರೂ ಅರ್ಹತೆ ಹೋಯ್ತು. ಯೂಟ್ಯೂಬ್‌ಗೂ ಹಾಕ್ಬಾರ್ದು. ಈ ನಿಯಮ ಪೂರ್ಣಾವಧಿ ಸಿನಿಮಾಗೆ ಮಾತ್ರ, ಅಂದ್ರೆ 50 ನಿಮಿಷ ಮತ್ತು ಮೇಲೆ. ಕಿರುಚಿತ್ರಕ್ಕೆ ಇಲ್ಲ.

*ಲತಾ*: ಆಯ್ಕೆಗೆ ಕಳಿಸೋ ಲಿಂಕ್‌ನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಚಿತ್ರದ ಮೇಲೇ ಅಚ್ಚಾಗಿರಲಿ. ಬೇರೆ ಫೈಲ್ ಇಟ್ರೆ ನೋಡುವವರ ಪ್ಲೇಯರ್‌ನಲ್ಲಿ ಆಫ್ ಆಗಿರಬಹುದು. ಫಲಿತಾಂಶ ಬರೋವರೆಗೂ ಪಾಸ್‌ವರ್ಡ್ ಬದಲಾಯಿಸ್ಬಾರ್ದು.

ಇನ್ನೊಂದು, ಸೆಕೆಂಡಿಗೆ 25 ಫ್ರೇಮ್. ನಮ್ಮಲ್ಲಿ ಟಿವಿ ರೂಢಿಯಿಂದ 25ರಲ್ಲಿ ಶೂಟ್ ಮಾಡಿಬಿಡ್ತಾರೆ. ಡಿಸಿಪಿಯನ್ನ (ಥಿಯೇಟರಿಗೆ ಕೊಡೋ ಸಿನಿಮಾದ ಡಿಜಿಟಲ್ ಪ್ರತಿ) ಯಾವ ಥಿಯೇಟರಿನಲ್ಲೂ ತಕರಾರಿಲ್ಲದೆ ಓಡಿಸ್ಬೇಕು ಅಂದ್ರೆ 24. ಫ್ರೇಮ್ ಹಾಗೇ ಇಟ್ಟು ನಿಧಾನ ಮಾಡಿದ್ರೆ 100 ನಿಮಿಷದ ಸಿನಿಮಾ 104 ನಿಮಿಷ 10 ಸೆಕೆಂಡ್ ಆಗುತ್ತೆ. ಧ್ವನಿಯನ್ನೂ ಅಷ್ಟೇ ಎಳೀಬೇಕು, ಶ್ರುತಿ ಸರಿಪಡಿಸದಿದ್ರೆ ಎಲ್ಲರ ಗಂಟಲೂ ದಪ್ಪ ಕೇಳುತ್ತೆ. ಹಳೇ ಸಬ್‌ಟೈಟಲ್ ಫೈಲ್ ಸೇರಿಸಿದ್ರೆ ಕೊನೆ ದೃಶ್ಯದ ಮಾತು ನಾಲ್ಕು ನಿಮಿಷ ಮೊದಲೇ ಪರದೆ ಮೇಲೆ ಬಂದಿರುತ್ತೆ!

*ಶರತ್*: ನಮ್ಮ ಹುಡುಗರು 25ರಲ್ಲೇ ಮುಗಿಸಿದ್ದಾರೆ. ಈಗ?

*ಲತಾ*: ಎಡಿಟ್ ಮುಟ್ಟಬೇಡಿ. ಚಿತ್ರ 24ಕ್ಕೆ ಇಳಿಸಿ, ಸೌಂಡ್ ಮಿಕ್ಸ್ ಮಾಡಿದವರ ಹತ್ರಾನೇ 5.1 ಸರೌಂಡ್ ಧ್ವನಿಯನ್ನ ಶ್ರುತಿ ಕೆಡದ ಹಾಗೆ ಎಳೆಸಿ, ಸಬ್‌ಟೈಟಲ್ ಸಮಯವನ್ನ 25/24ರಿಂದ ಗುಣಿಸಿ. ಆಮೇಲೆ ಪೂರ್ತಿ ಸಿನಿಮಾ ಥಿಯೇಟರಿನಲ್ಲಿ ಓಡಿಸಿ ನೋಡಿ. ಮೊದಲ ಹತ್ತು ನಿಮಿಷ ನೋಡಿ ಎದ್ದು ಬಂದ್ರೆ ಧ್ವನಿ, ಸಬ್‌ಟೈಟಲ್ ಚಿತ್ರದಿಂದ ಜಾರಿದ್ದು ಗೊತ್ತಾಗಲ್ಲ.

*ರೇಣುಕಾ*: ಶರತ್, ಮೊದಲು ಆ ಫಾರ್ವರ್ಡ್ ತೆಗಿ.

*ಶರತ್*: ತೆಗೆದೆ. ಹೊಸದು: “2025ರ ಸನ್‌ಡ್ಯಾನ್ಸ್‌ನ ವಿಶ್ವ ಸಿನಿಮಾ ಕಥಾಚಿತ್ರ ವಿಭಾಗದ ಗ್ರ್ಯಾಂಡ್ ಜ್ಯೂರಿ ಪ್ರಶಸ್ತಿ ರೋಹನ್ ಕಾನವಡೆ ಅವರ ಮರಾಠಿ ಚಿತ್ರ ‘ಸಾಬರ್ ಬೋಂಡ’ಕ್ಕೆ.” ಸರೀನಾ?

*ಲತಾ*: ಈಗ ಕಳಿಸು.